ಪಾರಿವಾಳದ ಹಾಲು

ಹಾಲೂಡಿಸುವುದು ಸಸ್ತನಿಗಳಿಗಷ್ಟೇ ಸೇರಿದ ಗುಣವೆಂಬ ನಂಬಿಕೆ ಪಾರಿವಾಳ ಮತ್ತು ಬೆಳವಗಳ ಮಟ್ಟಿಗೆ ಪೂರ್ತಿ ನಿಲ್ಲುವುದಿಲ್ಲ. ಈ ಹಕ್ಕಿಗಳ ಕತ್ತಿನ ಬುಡದಲ್ಲಿ ನುಂಗಿದ ಕಾಳನ್ನು ಕೂಡಿಡುವ ಮೇವುಚೀಲವೊಂದಿದ್ದು, ಮೊಟ್ಟೆ ಒಡೆಯಲು ಒಂದೆರಡು ದಿನ ಉಳಿದಿರುವಾಗ ಅದರ ಒಳಪದರದ ಜೀವಕೋಶಗಳು ವೇಗವಾಗಿ ವಿಭಜನೆಗೊಂಡು, ಕೊಬ್ಬನ್ನೂ ಪ್ರೋಟೀನನ್ನೂ ತುಂಬಿಕೊಂಡು, ಕಳಚಿ, ಗಿಣ್ಣಿನಂತಹ ಮುದ್ದೆಯಾಗುತ್ತವೆ. ತಾಯಿಯಷ್ಟೇ ಅಲ್ಲದೆ ತಂದೆಯೂ ಇದನ್ನು ಉತ್ಪಾದಿಸಿ ಮರಿಗಳಿಗೆ ಉಣಿಸುತ್ತದೆಂಬುದು ಜೀವಲೋಕದ ಅಪರೂಪದ ಸಂಗತಿಗಳಲ್ಲೊಂದು. ಹಸುವಿನ ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಇದರಲ್ಲಿಲ್ಲ. ಆದರೆ ಸೋಂಕನ್ನೆದುರಿಸುವ ಪ್ರೋಟೀನುಗಳಾದ ಪ್ರತಿಕಾಯಗಳು ಇವೆ.

ಬ್ರಿಟನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ 1786ರಲ್ಲೇ ಇದನ್ನು ವರ್ಣಿಸಿದ್ದನಾದರೂ, ಇದರ ಹಿಂದಿನ ಪ್ರೇರಕಶಕ್ತಿ ತಿಳಿದದ್ದು 1930ರ ದಶಕದಲ್ಲಿ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿದಾಗ ಪಾರಿವಾಳದ ಮೇವುಚೀಲ ದಪ್ಪಗಾಗುವುದನ್ನು ಅಳೆದ ಅಮೆರಿಕದ ಆಸ್ಕರ್ ರಿಡಲ್ ಮತ್ತು ಸಂಗಡಿಗರು, ಆ ಸಾರದಲ್ಲಿದ್ದ ಹಾರ್ಮೋನಿಗೆ ಪ್ರೊಲ್ಯಾಕ್ಟಿನ್ ಎಂದು ಹೆಸರಿಟ್ಟರು. ಮನುಷ್ಯರಲ್ಲಿ ಬಾಣಂತಿಯ ಎದೆಹಾಲಿಗೂ ಇದೇ ಹೆಸರಿನ ಹಾರ್ಮೋನು ಕಾರಣವಾಗಿರುವುದರಿಂದ, ವೈದ್ಯವಿಜ್ಞಾನ ಈ ಹಕ್ಕಿಗೆ ಬಹಳ ಋಣಿಯಾಗಿದೆ ಎನ್ನಬೇಕು.

ಪೋಷಣೆಯ ಈ ದಾರಿಯೇ ರೋಗದ ದಾರಿಯೂ ಆಗಬಲ್ಲದು: ಟ್ರೈಕೊಮೊನಾಸ್ ಗ್ಯಾಲಿನೆ ಎಂಬ ಏಕಕೋಶ ಪರಜೀವಿ ಹಾಲಿನೊಡನೆ ಮರಿಗೆ ದಾಟಿ, ಬಾಯಿ ಮತ್ತು ಗಂಟಲಿನಲ್ಲಿ ಹಳದಿ ಗಂಟುಗಳನ್ನು ಬೆಳೆಸಿ, ನುಂಗುವುದನ್ನೇ ತಡೆದು, ಕೆಲವೊಮ್ಮೆ ಮರಿಯ ಸಾವಿಗೂ ಕಾರಣವಾಗುತ್ತದೆ.