ಆಂಡೀಸ್ ಬೆಟ್ಟದ ಹೇರುಪ್ರಾಣಿ ಲಾಮಾ

ಹೇರೆತ್ತಿನ ಕೆಲಸವನ್ನು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ ಲಾಮಾ ಮಾಡುತ್ತದೆ. ಇದು ಒಂಟೆಯ ಕುಲಕ್ಕೆ ಸೇರಿದ, ಡುಬ್ಬವಿಲ್ಲದ ಪ್ರಾಣಿ.

ಪೆರು ದೇಶದ ಓಯೆರೋಸ್ ಹಳ್ಳಿಯಿಂದ ಚಾವಿನ್ ಊರಿಗೆ ಹೋಗುವ ಹಳೆಯ ಕಾಲುದಾರಿ ಸುಮಾರು 4,700 ಮೀಟರ್ ಎತ್ತರದವರೆಗೆ ಏರಿ ಇಳಿಯುತ್ತದೆ. ಮಾರ್ಗದರ್ಶಕರೊಡನೆ ಮೂರು ದಿನದ ನಡಿಗೆ. ಡೇರೆ, ಪಾತ್ರೆ, ದಿನಸಿ ಲಾಮಾಗಳ ಬೆನ್ನಿಗೆ. ಜನ ನಡೆದೇ ಹೋಗಬೇಕು.

ತೆಳುಗಾಳಿಯ ಅಲ್ಪ ಆಮ್ಲಜನಕವನ್ನೂ ಲಾಮಾದ ರಕ್ತ ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಮೆತ್ತನೆಯ ಅಂಗಾಲು ದಾರಿಯನ್ನು ಹೆಚ್ಚು ಕೊರೆಯದು. ಬೆಟ್ಟದ ಒರಟು ಹುಲ್ಲೇ ಅದಕ್ಕೆ ಮೇವು.

ಬೆಳೆದ ಗಂಡು ಲಾಮಾಕ್ಕೆ 25ರಿಂದ 30 ಕಿಲೋ ಹೇರು ಸರಿ. ಎರಡೂ ಬದಿ ಸಮತೂಕವಾಗಿರಬೇಕು. ಹೊರೆ ಹೆಚ್ಚಾದರೆ ಅದು ಮಲಗಿಬಿಡುತ್ತದೆ; ಹೇರು ಇಳಿಸದೆ ಏಳುವುದಿಲ್ಲ. ಕೆಣಕಿದರೆ ಉಗುಳುವುದೂ ಉಂಟು.

ಮನುಷ್ಯ ಹಾಗಲ್ಲ. ತಲೆನೋವು, ವಾಕರಿಕೆ ಬಂದರೂ ಹಟದಿಂದ ಏರುತ್ತಾನೆ. ಇದು ಪ್ರಾಣಕ್ಕೇ ಅಪಾಯ. ಅಲ್ಲಿಗೆ ಹೋಗುವ ಅವಕಾಶ ದೊರೆತರೆ, ಸುಮಾರು 3,000 ಮೀಟರ್ ಎತ್ತರದ ಉವಾರಾಸ್ ಪಟ್ಟಣದಲ್ಲಿ ಮೊದಲು ಎರಡು ಮೂರು ದಿನ ತಂಗಿ ದೇಹವನ್ನು ಒಗ್ಗಿಸಿಕೊಳ್ಳಿ. ದಾರಿಯಲ್ಲಿ ಈ ಚಿಹ್ನೆಗಳು ಕಂಡರೆ ಮುಂದೆ ಏರಬೇಡಿ. ಹೆಚ್ಚಾದರೆ ಕೂಡಲೇ ಕೆಳಗಿಳಿಯಿರಿ. ಲಾಮಾದಂತೆ ನಿಮ್ಮ ಮಿತಿಯನ್ನು ನೀವೂ ಅರಿತಿರಬೇಕು.