ನಿಮಗಿದು ಗೊತ್ತೆ? ಟಾಕಿಗೆ ಬೀಳುವ ಆ ಹನಿ

ಜೇವರ್ಗಿ ತಾಲ್ಲೂಕಿನ ಅಂದೋಲಾದಂಥ ಊರುಗಳಲ್ಲಿ ನೀರು ಬಂದಾಗ ಟಾಕಿ, ಡ್ರಮ್ ತುಂಬಿಟ್ಟುಕೊಳ್ಳುವುದು ರೂಢಿ. ಡೆಂಗಿ, ಚಿಕೂನ್‌ಗುನ್ಯ ಹರಡುವ ಈಡಿಸ್ ಗುಂಗಾಡಿಗೆ ಚರಂಡಿಗಿಂತ ಈ ತಿಳಿನೀರೇ ಇಷ್ಟ. 2006ರಲ್ಲಿ ರಾಜ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಚಿಕೂನ್‌ಗುನ್ಯ ಪ್ರಕರಣ ಕಂಡಾಗ ಕಲಬುರಗಿ ಸೀಮೆಯೂ ನರಳಿತ್ತು.

ಆರೋಗ್ಯ ಸಿಬ್ಬಂದಿ ಟಾಕಿಗೆ ಹಾಕುವ ಔಷಧ ಟೆಮೆಫಾಸ್. ಲೀಟರಿಗೆ 1 ಮಿಲಿಗ್ರಾಂ ಮೀರದಿದ್ದರೆ ಕುಡಿಯುವ ನೀರಿಗೂ ಬಳಸಬಹುದೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಸಾವಿರ ಲೀಟರಿಗೆ ಬರೀ 1 ಗ್ರಾಂ! ಅದು ಮರಿಹುಳುವಿನ ನರಮಂಡಲ ಕೆಡಿಸಿ ಕೊಲ್ಲುತ್ತದೆ. ಆದರೆ ಟಾಕಿಯ ಗೋಡೆಗೆ ಅಂಟಿದ ಮೊಟ್ಟೆ ಗಟ್ಟಿಪಿಂಡ. ಒಣಗಿದರೂ ತಿಂಗಳುಗಟ್ಟಲೆ ಬದುಕಿ, ನೀರು ತಾಗಿದೊಡನೆ ಮರಿಯಾಗುತ್ತದೆ. ನೀರು ಖಾಲಿಯಾಗಿ ಹೊಸದು ತುಂಬಿದರೆ ಔಷಧದ ಬಲವೂ ತಗ್ಗಿತು. ಹಾಗಾಗಿ ವಾರಕ್ಕೊಮ್ಮೆ ಗೋಡೆ ಉಜ್ಜುವ ತೆಂಗಿನ ನಾರಿಗೇ ನನ್ನ ಮತ.

ಕೆರೆ, ಹಳ್ಳಕ್ಕೆ ಮಾತ್ರ ಟೆಮೆಫಾಸ್ ಸುರಿಯಬೇಡಿ. ಮೀನಿಗೆ ಮೇವಾಗುವ ನೀರಹುಳುಗಳೂ ಸಾಯುತ್ತವೆ. ಅಲ್ಲಿಗೆ 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಸಿಕ್ಕ ಬಿಟಿಐ ಬ್ಯಾಕ್ಟೀರಿಯಾ ಲೇಸು, ಮೀನಿಗೆ ಹಾನಿಯಿಲ್ಲ. ಆದರೆ ಮರಿಹುಳು ತಿಂದರಷ್ಟೇ ಅದು ವಿಷ. ಏನೂ ತಿನ್ನದ ಕೋಶಾವಸ್ಥೆಗೆ ತಲುಪಿದ್ದು ಪಾರಾಗಿ, ಎರಡೇ ದಿನಕ್ಕೆ ಹಾರಿಹೋಗುತ್ತದೆ.