ಕಾವಲಿಗೂ ಬೇಕು ಕಾವಲು

ಯಾವ ಸರ್ವರ್‌ನ ಡಿಸ್ಕ್ ತುಂಬುತ್ತಿದೆ, ಯಾವ ಸ್ವಿಚ್ ಕೈಕೊಟ್ಟಿದೆ, ಯಾವ ಕೋಣೆಯ ಕಾವು ಏರುತ್ತಿದೆ ಎಂದು ಡೇಟಾ ಸೆಂಟರ್‌ನಲ್ಲಿ ಹಗಲಿರುಳು ನೋಡುತ್ತಿರುವ ಕೆಲಸ ಮಾನಿಟರಿಂಗ್ ತಂತ್ರಾಂಶದ್ದು. 1999ರಲ್ಲಿ ನೆಟ್‌ಸೇಂಟ್ ಎಂಬ ಹೆಸರಿನಿಂದ ಶುರುವಾದ ನಾಗಿಯೋಸ್, ಲಾಟ್ವಿಯಾದಲ್ಲಿ ಹುಟ್ಟಿದ ಜ್ಯಾಬಿಕ್ಸ್, 2012ರಲ್ಲಿ ಸೌಂಡ್‌ಕ್ಲೌಡ್ ಕಂಪನಿಯ ಎಂಜಿನಿಯರುಗಳು ಕಟ್ಟತೊಡಗಿದ ಪ್ರೊಮಿಥಿಯಸ್ ಈ ಕೆಲಸಕ್ಕೆ ಹೆಸರಾಗಿವೆ. ಅಂಕಿ ಮಿತಿ ದಾಟಿತೆಂದರೆ ನಡುರಾತ್ರಿಯಾದರೂ ಸರಿ, ಡ್ಯೂಟಿಯಲ್ಲಿರುವವರ ಫೋನು ಬಡಿದುಕೊಳ್ಳುತ್ತದೆ. ಒಂದು ಡೇಟಾ ಸೆಂಟರ್ ಮುಳುಗಿದರೂ ವ್ಯವಹಾರ ನಿಲ್ಲಬಾರದೆಂದು ದೊಡ್ಡ ಸಂಸ್ಥೆಗಳು ಬೇರೆ ಊರಿನಲ್ಲಿ ಇನ್ನೊಂದನ್ನು ಇಟ್ಟುಕೊಳ್ಳುತ್ತವೆ. ಗ್ರಾಹಕರ ಲೆಕ್ಕಪತ್ರಗಳೆಲ್ಲ ಎರಡೂ ಕಡೆ ಇರುತ್ತವೆ. ನಿಗಾ ವ್ಯವಸ್ಥೆ ಮಾತ್ರ ಒಳಮನೆಯ ಸಾಮಾನೆಂದು ಎಷ್ಟೋ ಕಡೆ ಒಂದೇ ಸೆಂಟರ್‌ನಲ್ಲಿ ಉಳಿದುಬಿಡುತ್ತದೆ.

ಇದರ ಬೆಲೆ ಏನೆಂಬುದು ದಕ್ಷಿಣ ಕೊರಿಯಾದಲ್ಲಿ ಕಂಡಿತು. 2022ರ ಅಕ್ಟೋಬರ್ 15ರಂದು ಸೋಲ್ ನಗರದ ಬಳಿಯ ಪಂಗ್ಯೊದಲ್ಲಿ ಡೇಟಾ ಸೆಂಟರೊಂದರ ನೆಲಮಾಳಿಗೆಯ ಬ್ಯಾಟರಿ ಕೋಣೆಗೆ ಬೆಂಕಿ ಬಿತ್ತು, ವಿದ್ಯುತ್ ಕಡಿತವಾಯಿತು. ಆ ದೇಶದ ಬಹುತೇಕ ಜನ ಬಳಸುವ ಸಂದೇಶ ಆ್ಯಪ್ ಕಾಕಾವೋಟಾಕ್ ಮೂಕವಾಯಿತು. ಕಾಕಾವೋ ಕಂಪನಿಯ ಸೇವೆಗಳೆಲ್ಲ ಪೂರ್ತಿ ಸರಿಹೋಗಲು 127 ಗಂಟೆ 30 ನಿಮಿಷ ಹಿಡಿಯಿತು. ಅದಕ್ಕೆ ಬೇರೆ ಕಡೆ ಬದಲಿ ಸರ್ವರ್‌ಗಳು ಇರಲಿಲ್ಲವೆಂದಲ್ಲ. ಬದಲಿ ಸರ್ವರ್‌ಗಳನ್ನು ಕೆಲಸಕ್ಕೆ ಎಬ್ಬಿಸಬೇಕಾದ ನಿರ್ವಹಣಾ ಸಾಧನಗಳು ಪಂಗ್ಯೊದ ಒಳಗೆ ಮಾತ್ರ ಜೋಡಿಯಾಗಿದ್ದವು ಎಂದು ಸರ್ಕಾರದ ತನಿಖೆ ಹೇಳಿತು. ಜೋಡಿ ಇತ್ತು, ಆದರೆ ಎರಡೂ ಒಂದೇ ಸೂರಿನಡಿ ಇದ್ದವು. 2017ರ ಫೆಬ್ರುವರಿ 28ರಂದು ಅಮೆಜಾನ್‌ನ ಎಸ್3 ಸಂಗ್ರಹ ಸೇವೆ ಕುಸಿದಾಗಲೂ ಇಂಥದೇ ಆಯಿತು. ಸೇವೆಗಳ ಸ್ಥಿತಿ ತೋರಿಸುವ ಫಲಕವೇ ಎಸ್3 ಅನ್ನು ನೆಚ್ಚಿಕೊಂಡಿದ್ದರಿಂದ ಅದನ್ನು ಹೊತ್ತಿಗೆ ಸರಿಯಾಗಿ ಬದಲಿಸಲಾಗಲಿಲ್ಲ.

ಎರಡು ಸೆಂಟರ್‌ಗಳ ನಡುವೆ ನಿಗಾ ವ್ಯವಸ್ಥೆಯನ್ನು ಹಂಚಲು ಎರಡು ದಾರಿಗಳಿವೆ. ಒಂದು ಕಡೆಯದು ಎಚ್ಚರವಿದ್ದು ಇನ್ನೊಂದು ಮಲಗಿರುವುದು ಮೊದಲನೆಯದು. ದತ್ತಾಂಶ ಸಂಗ್ರಹಗಳಿಗೆ ಈ ಪದ್ಧತಿ ಸಹಜ, ಏಕೆಂದರೆ ಒಂದೇ ಖಾತೆಯನ್ನು ಎರಡು ಕಡೆ ಏಕಕಾಲಕ್ಕೆ ತಿದ್ದಿದರೆ ಲೆಕ್ಕ ಕೆಡುತ್ತದೆ. ಆದರೆ ಎಬ್ಬಿಸುವ ಗಳಿಗೆಯಲ್ಲೇ ತೊಡಕು. ನಡುವಿನ ಕೇಬಲ್ ಮಾತ್ರ ತುಂಡಾದರೆ ಎರಡೂ ಕಡೆಯವು ‘ಅತ್ತ ಕಡೆ ಸತ್ತಿದೆ, ಇನ್ನು ನಾನೇ ಮುಖ್ಯ’ ಎಂದುಕೊಳ್ಳುತ್ತವೆ. ಇದನ್ನು ತಪ್ಪಿಸಲು ಮೂರನೆಯ ಜಾಗದಲ್ಲಿ ಚಿಕ್ಕದೊಂದು ಸಾಕ್ಷಿ ಯಂತ್ರವನ್ನು ಇಟ್ಟು ಬಹುಮತದಿಂದ ತೀರ್ಮಾನಿಸುವುದು ರೂಢಿ. ಅದೂ ಪೂರ್ತಿ ರಕ್ಷೆಯಲ್ಲ. 2018ರ ಅಕ್ಟೋಬರ್ 21ರಂದು ಗಿಟ್‌ಹಬ್‌ನ ಅಮೆರಿಕ ಪೂರ್ವ ಕರಾವಳಿಯ ಜಾಲದಲ್ಲಿ 43 ಸೆಕೆಂಡು ಸಂಪರ್ಕ ತಪ್ಪಿತು. ಉಳಿದ ಕಡೆಯ ಯಂತ್ರಗಳು ಬಹುಮತ ಮಾಡಿ ಮುಖ್ಯಸ್ಥಾನವನ್ನು ಪಶ್ಚಿಮ ಕರಾವಳಿಗೆ ಕೊಟ್ಟವು. ಪೂರ್ವದಲ್ಲಿ ಕೊನೆಗೆ ಬರೆದ ಕೆಲವು ದಾಖಲೆಗಳು ಪಶ್ಚಿಮ ತಲುಪಿರಲಿಲ್ಲ. ಆ ಗೋಜಲು ಬಿಡಿಸಿ ಸೇವೆ ಮೊದಲಿನಂತಾಗಲು 24 ಗಂಟೆ 11 ನಿಮಿಷ ಬೇಕಾಯಿತು.

ನಿಗಾ ವ್ಯವಸ್ಥೆಗೆ ಒಪ್ಪುವುದು ಎರಡನೆಯ ದಾರಿ: ಎರಡೂ ಕಡೆ ಸದಾ ಎಚ್ಚರ. ನೋಡುವ ಕೆಲಸದಲ್ಲಿ ಇಬ್ಬರು ಒಂದನ್ನೇ ನೋಡಿದರೆ ಏನೂ ಕೆಡುವುದಿಲ್ಲ. ಪ್ರೊಮಿಥಿಯಸ್‌ನಲ್ಲಿ ಒಂದೇ ಪಟ್ಟಿಯನ್ನು ಎರಡು ಪ್ರತಿಗಳು ಬೇರೆಬೇರೆಯಾಗಿ ಅಳೆಯುತ್ತವೆ; ಎಚ್ಚರಿಕೆ ಕಳಿಸುವ ಅಲರ್ಟ್‌ಮ್ಯಾನೇಜರ್‌ಗಳು ತಮ್ಮೊಳಗೆ ಮಾತಾಡಿಕೊಂಡು ಒಂದೇ ಸಂದೇಶ ಹೋಗುವಂತೆ ನೋಡಿಕೊಳ್ಳುತ್ತವೆ. ನಡುವಿನ ಸಂಪರ್ಕ ಕಡಿದರೆ ಎರಡೂ ಕಳಿಸುತ್ತವೆ. ಒಂದೇ ತೊಂದರೆಗೆ ಫೋನು ಎರಡು ಸಲ ಬಡಿದುಕೊಳ್ಳುವುದು ಸಣ್ಣ ಕಿರಿಕಿರಿ, ಒಂದು ಸಲವೂ ಬಡಿಯದಿರುವುದು ಅಪಾಯ. ಇದರ ಜೊತೆಗೆ ಪ್ರತಿ ಸೆಂಟರ್‌ನ ನಿಗಾ ಯಂತ್ರ ಎದುರು ಸೆಂಟರ್‌ನ ನಿಗಾ ಯಂತ್ರವನ್ನೂ ನೋಡುತ್ತಿರಬೇಕು.

ಎರಡೂ ಒಟ್ಟಿಗೆ ಸತ್ತರೆ? ಮೌನಕ್ಕೆ ‘ಎಲ್ಲ ಚೆನ್ನಾಗಿದೆ’ ಎಂದೂ ಅರ್ಥವಿದೆ, ‘ಹೇಳಲು ಯಾರೂ ಉಳಿದಿಲ್ಲ’ ಎಂದೂ ಅರ್ಥವಿದೆ. ಹೀಗಾಗಿ ವಾಚ್‌ಡಾಗ್ ಎಂಬ, ಎಂದೂ ನಿಲ್ಲದ ಎಚ್ಚರಿಕೆಯೊಂದನ್ನು ಬೇಕೆಂದೇ ಇಡುತ್ತಾರೆ. ಅದು ಸಂಸ್ಥೆಯ ಹೊರಗಿರುವ ಸೇವೆಯೊಂದಕ್ಕೆ ಬಿಡದೆ ತಲುಪುತ್ತಿರುತ್ತದೆ. ತಲುಪುವುದು ನಿಂತೊಡನೆ ಆ ಸೇವೆ ಮನುಷ್ಯರನ್ನು ಎಬ್ಬಿಸುತ್ತದೆ. ಖರ್ಚು ಅತಿ ಕಡಿಮೆ, ಪ್ರಯೋಜನ ಅತಿ ದೊಡ್ಡದು. ಮೊದಲು ಮಾಡಬೇಕಾದದ್ದು ಇದೇ.

ಯಾವುದರ ಪ್ರತಿ ಎಷ್ಟು ಬೇಗ ಬೇಕು ಎಂಬುದನ್ನು ಎರಡು ಅಳತೆಗಳು ತೀರ್ಮಾನಿಸುತ್ತವೆ. ಎಷ್ಟು ಹೊತ್ತಿನಲ್ಲಿ ಮತ್ತೆ ನಡೆಯಬೇಕು ಎಂಬುದು ಆರ್‌ಟಿಒ, ಎಷ್ಟು ಹೊತ್ತಿನ ಮಾಹಿತಿ ಕಳೆದರೆ ತಡೆದುಕೊಳ್ಳಬಹುದು ಎಂಬುದು ಆರ್‌ಪಿಒ. ಭಾರತದ ಷೇರು ವಿನಿಮಯ ಕೇಂದ್ರಗಳಿಗೆ ಸೆಬಿ 2021ರಲ್ಲಿ ಇವನ್ನು 45 ನಿಮಿಷ ಮತ್ತು 15 ನಿಮಿಷಕ್ಕೆ ಗೊತ್ತುಮಾಡಿತು. ಅಡಚಣೆಯಾದ 30 ನಿಮಿಷದೊಳಗೆ ಅದನ್ನು ವಿಪತ್ತೆಂದು ಘೋಷಿಸಬೇಕೆಂದೂ ಹೇಳಿತು. ಕೆಟ್ಟಿದ್ದು ಏನೆಂದೇ ಕಾಣದಿದ್ದರೆ 30 ನಿಮಿಷದಲ್ಲಿ ಘೋಷಿಸುವವರು ಯಾರು? ಆದ್ದರಿಂದ ನಿಗಾ ವ್ಯವಸ್ಥೆಯ ಆರ್‌ಟಿಒ ಅದು ಕಾಯುವ ಸೇವೆಗಳದ್ದಕ್ಕಿಂತ ಚಿಕ್ಕದಿರಲೇಬೇಕು. ಆರ್‌ಪಿಒ ವಿಷಯದಲ್ಲಿ ಸಡಿಲ ಬಿಡಬಹುದು. ಕಳೆದ ವರ್ಷದ ನಕ್ಷೆಗಳು ತಡವಾಗಿ ಬಂದರೆ ನಷ್ಟವಿಲ್ಲ, ಆದರೆ ಯಾವ ಯಂತ್ರವನ್ನು ನೋಡಬೇಕು, ಮಿತಿ ಎಷ್ಟು, ಯಾರಿಗೆ ಹೇಳಬೇಕು ಎಂಬ ಸಂರಚನೆ ಎರಡೂ ಕಡೆ ಸದಾ ಒಂದೇ ಆಗಿರಬೇಕು.

ಸುದ್ದಿ ಹೋಗುವ ದಾರಿಯೂ ಯೋಜನೆಯ ಭಾಗ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಕಾಲ ಅಂತರ್ಜಾಲದಿಂದ ಮರೆಯಾದಾಗ ತಾಣದ ಹೆಸರಿನಿಂದ ವಿಳಾಸ ಹುಡುಕಿಕೊಡುವ ಅದರ ಡಿಎನ್‌ಎಸ್ ಕೂಡ ಸಿಗದಾಯಿತು, ಒಳಗಿನ ಸಾಧನಗಳೂ ನಿಂತವು. ಎಂಜಿನಿಯರುಗಳು ಡೇಟಾ ಸೆಂಟರ್‌ಗಳಿಗೇ ಹೋಗಬೇಕಾಯಿತು. ಅಲರ್ಟ್ ಹೊರಡುವ ಎಸ್‌ಎಂಎಸ್ ಮಾರ್ಗ, ಲಾಗಿನ್ ವ್ಯವಸ್ಥೆ, ಪಾಸ್‌ವರ್ಡ್‌ಗಳ ತಿಜೋರಿ, ಫೋನ್ ನಂಬರುಗಳ ಪಟ್ಟಿ, ಇವು ಯಾವುವೂ ಒಂದೇ ಸೆಂಟರ್‌ಗೆ ಕಟ್ಟುಬಿದ್ದಿರಬಾರದು. ಫೋನ್ ನಂಬರುಗಳನ್ನು ಕಾಗದದ ಮೇಲೂ ಇಡುವುದು ಒಳ್ಳೆಯದು.

ಬರೆದಿಟ್ಟ ಯೋಜನೆಯನ್ನು ವರ್ಷಕ್ಕೆರಡು ಸಲವಾದರೂ ನಿಜವಾಗಿ ನಡೆಸಿ ನೋಡಬೇಕು. ಒಂದು ಕಡೆಯ ನಿಗಾ ಯಂತ್ರವನ್ನು ಬಂದ್ ಮಾಡಿ, ಇನ್ನೊಂದು ಕಡೆಯಿಂದ ಅಲರ್ಟ್ ಎಷ್ಟು ನಿಮಿಷದಲ್ಲಿ ಬಂತು ಎಂದು ಗಡಿಯಾರ ಹಿಡಿದು ಅಳೆಯಬೇಕು. ಮರಳಿ ಬರುವ ಹಂತವೂ ಈ ಅಭ್ಯಾಸದಲ್ಲಿ ಸೇರಿರಬೇಕು. ಜ್ಯಾಬಿಕ್ಸ್‌ನ ಪ್ರಾಕ್ಸಿಗಳು ಸರ್ವರ್ ಸಿಗದ ಹೊತ್ತಿನ ಅಳತೆಗಳನ್ನು ತಮ್ಮಲ್ಲೇ ಕೂಡಿಟ್ಟು ಆಮೇಲೆ ಕಳಿಸುತ್ತವೆ. ಅವು ಬಂದು ಸೇರಿದವೇ ಎಂದು ನೋಡಬೇಕು. ಗಡಿಬಿಡಿಯಲ್ಲಿ ಯಾರೋ ಸುಮ್ಮನಾಗಿಸಿದ ಅಲರ್ಟ್‌ಗಳನ್ನು ಒಂದೊಂದಾಗಿ ಮತ್ತೆ ಚಾಲೂ ಮಾಡಿದ ಮೇಲೆ ಪುನಶ್ಚೇತನದ ಕೆಲಸ ಮುಗಿಯುತ್ತದೆ.